ವೈಫೈ ಕೈಕೊಟ್ಟಾಗ: ತಪ್ಪು ಕಂಪ್ಯೂಟರಿನದೋ, ರೂಟರಿನದೋ, ನಡುವಿನ ಗಾಳಿಯದೋ?

ಓದುಗರು ಕೇಳುವ ಪ್ರಶ್ನೆಗಳಲ್ಲಿ ಮೂರು ಮಾತ್ರ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಒಂದು ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಬರುತ್ತದೆ, ಪಕ್ಕದಲ್ಲೇ ಇರುವ ಇನ್ನೊಂದರಲ್ಲಿ ಬರುವುದಿಲ್ಲ, ಯಾಕೆ? ಸಿಗ್ನಲ್ ಗೆರೆಗಳೆಲ್ಲ ತುಂಬಿವೆ, ಆದರೂ ಪುಟ ತೆರೆಯುವುದಿಲ್ಲ, ಯಾಕೆ? ಎರಡೂ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ಚೆನ್ನಾಗಿದೆ, ಆದರೆ ಒಂದರ ಫೋಲ್ಡರ್ ಇನ್ನೊಂದಕ್ಕೆ ಕಾಣುವುದಿಲ್ಲ, ಯಾಕೆ?

ಈ ಪ್ರಶ್ನೆ ಕೇಳುವ ಹೊತ್ತಿಗೆ ಬಹುಪಾಲು ಜನ ರೂಟರನ್ನು ಹಲವು ಬಾರಿ ಆರಿಸಿ ಹಚ್ಚಿರುತ್ತಾರೆ. ಕೆಲವರು ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ ಚುಚ್ಚಿ ರೀಸೆಟ್ ಕೂಡ ಮಾಡಿ, ಇದ್ದ ಸೆಟ್ಟಿಂಗ್‌ಗಳನ್ನೂ ಕಳೆದುಕೊಂಡಿರುತ್ತಾರೆ. ದೋಷ ನೋಡಿದರೆ ಒಂದು ಲ್ಯಾಪ್‌ಟಾಪಿನ ಡ್ರೈವರಿನಲ್ಲಿ, ಅಂದರೆ ಅದರ ವೈಫೈ ಭಾಗವನ್ನು ನಡೆಸುವ ತಂತ್ರಾಂಶದಲ್ಲಿ, ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳಿದ್ದರೆ ತೊಂದರೆ ಹೆಚ್ಚು ಎಂದು ಎಲ್ಲರೂ ಭಾವಿಸುತ್ತಾರೆ. ದೋಷ ಹುಡುಕುವವನಿಗೆ ಅದೇ ಅನುಕೂಲ. ಕೆಡದ ಯಂತ್ರವೊಂದು ಕಣ್ಣೆದುರಿಗೇ ಇರುವುದರಿಂದ, ಕೆಟ್ಟದ್ದರಲ್ಲಿ ಏನು ಬೇರೆಯಾಗಿದೆ ಎಂದು ಹೋಲಿಸಿ ನೋಡಬಹುದು. ಕೆಳಗಿನ ಹಂತಗಳೆಲ್ಲ ಈ ಹೋಲಿಕೆಯ ಮೇಲೆಯೇ ನಿಂತಿವೆ.

ಬೇಕಾಗುವ ಸಾಮಾನು

ಕನಿಷ್ಠ ಎರಡು ಕಂಪ್ಯೂಟರು, ಅಥವಾ ಒಂದು ಕಂಪ್ಯೂಟರು ಮತ್ತು ಒಂದು ಮೊಬೈಲ್. ಒಂದು ನೆಟ್‌ವರ್ಕ್ ಕೇಬಲ್. ರೂಟರಿನ ಜೊತೆ ಬಂದ ಗಿಡ್ಡ ಕೇಬಲ್ ಸಾಕು. ರೂಟರಿನ ತಳದಲ್ಲಿ ಅಂಟಿಸಿರುವ ಚೀಟಿಯ ಫೋಟೊ: ಅದರಲ್ಲಿ ರೂಟರಿನ ವಿಳಾಸ, ಅದರೊಳಕ್ಕೆ ಹೋಗುವ ಬಳಕೆದಾರ ಹೆಸರು, ಪಾಸ್‌ವರ್ಡ್ ಇರುತ್ತವೆ. ಇಂಟರ್ನೆಟ್ ಕಂಪನಿ ಬೇರೆ ಬಳಕೆದಾರ ಹೆಸರು ಕೊಟ್ಟಿದ್ದರೆ ಅದೂ ಕೈಯಲ್ಲಿರಲಿ. ಕೊನೆಯದಾಗಿ ಕಾಗದ ಮತ್ತು ಪೆನ್ನು. ಏನು ಬದಲಿಸಿದಿರಿ, ಮೊದಲು ಏನಿತ್ತು ಎಂಬುದನ್ನು ಬರೆದಿಡದೆ ಸೆಟ್ಟಿಂಗ್ ಮುಟ್ಟಬೇಡಿ. ಒಮ್ಮೆಗೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಗುಣ ಕಾಣದಿದ್ದರೆ ಹಿಂದಿದ್ದಂತೆಯೇ ಮಾಡಿ ಮುಂದಕ್ಕೆ ಹೋಗಿ.

ಮೊದಲೇ ತಿಳಿದಿರಬೇಕಾದ ಪದಗಳು ಕೆಲವೇ. ಮೋಡೆಮ್ ಹೊರಗಿನ ತಂತಿಯನ್ನು, ಅಂದರೆ ಫೈಬರ್, ಕೇಬಲ್ ಅಥವಾ ಫೋನ್ ತಂತಿಯನ್ನು, ಕಂಪ್ಯೂಟರಿಗೆ ಅರ್ಥವಾಗುವ ಸಂಕೇತಕ್ಕೆ ಬದಲಿಸುವ ಪೆಟ್ಟಿಗೆ. ರೂಟರ್ ಆ ಒಂದು ಸಂಪರ್ಕವನ್ನು ಮನೆಯ ಎಲ್ಲ ಯಂತ್ರಗಳಿಗೂ ಹಂಚುತ್ತದೆ. ವೈಫೈಯನ್ನು ಗಾಳಿಗೆ ಬಿಡುವ ಭಾಗ ಆಕ್ಸೆಸ್ ಪಾಯಿಂಟ್. ಈಗಿನ ಪೆಟ್ಟಿಗೆಗಳಲ್ಲಿ ಮೂರೂ ಒಂದರಲ್ಲೇ ಅಡಗಿರುವುದುಂಟು. ಆದರೂ ಕೆಡುವಾಗ ಅವು ಬೇರೆ ಬೇರೆಯಾಗಿಯೇ ಕೆಡುತ್ತವೆ. ವೈಫೈ ಸಿಕ್ಕಿದೆ ಎಂದರೆ ಇಂಟರ್ನೆಟ್ ಸಿಕ್ಕಿದೆ ಎಂದರ್ಥವಲ್ಲ. ನಿಮ್ಮ ಯಂತ್ರ ರೂಟರಿನವರೆಗೆ ತಲುಪಿದೆ ಎಂದಷ್ಟೇ ಅರ್ಥ. ಸಿಗ್ನಲ್ ಗೆರೆಗಳು ಹೇಳುವುದೂ ಅಷ್ಟನ್ನೇ.

ಮುಂದೆ ಬರುವ ಕಮಾಂಡ್‌ಗಳನ್ನು, ಅಂದರೆ ಟೈಪ್ ಮಾಡಿ ಕೊಡುವ ಆದೇಶಗಳನ್ನು, ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ, ಇಂಗ್ಲಿಷ್ ರೂಪ ಆವರಣದಲ್ಲಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ.

1. ಮುಟ್ಟುವ ಮೊದಲು ಮೂರು ಪ್ರಶ್ನೆ

ಎಲ್ಲ ಯಂತ್ರಗಳಿಗೂ ತೊಂದರೆಯೋ, ಒಂದಕ್ಕೆ ಮಾತ್ರವೋ? ಮನೆಯ ಎಲ್ಲ ಕಡೆಯೂ ಹೀಗೆಯೋ, ಒಂದೇ ಕೋಣೆಯಲ್ಲೋ? ಕೇಬಲ್ ಹಾಕಿದರೆ ಸರಿಹೋಗುತ್ತದೆಯೋ?

ಎಲ್ಲಕ್ಕೂ ಇದ್ದರೆ, ಕೇಬಲ್ ಹಾಕಿದರೂ ಹಾಗೆಯೇ ಇದ್ದರೆ, ದೋಷ ರೂಟರಿನಲ್ಲಿ ಅಥವಾ ಅದರಾಚೆಗೆ. ಎಲ್ಲಕ್ಕೂ ಇದೆ, ಆದರೆ ಕೇಬಲ್ ಹಾಕಿದರೆ ಸರಿ ಎಂದಾದರೆ ದೋಷ ವೈಫೈಯಲ್ಲಿ. ಒಂದು ಕೋಣೆಯಲ್ಲಿ ಎಲ್ಲ ಯಂತ್ರಗಳೂ ಒದ್ದಾಡುತ್ತಿದ್ದರೆ ಆ ಕೋಣೆಗೆ ಸಿಗ್ನಲ್ ಸರಿಯಾಗಿ ತಲುಪುತ್ತಿಲ್ಲ. ಎಲ್ಲೇ ಇಟ್ಟರೂ ಒಂದೇ ಯಂತ್ರ ಒದ್ದಾಡುತ್ತಿದ್ದರೆ ರೂಟರನ್ನು ಅದರ ಪಾಡಿಗೆ ಬಿಡಿ, ನಾಲ್ಕನೆಯ ಹಂತ ನೋಡಿಕೊಂಡು ನೇರವಾಗಿ ಎಂಟಕ್ಕೆ ಹೋಗಿ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಮೊಬೈಲಿನದು. ‘ಮೊಬೈಲಿನಲ್ಲಿ ಬರುತ್ತಿದೆ, ಕಂಪ್ಯೂಟರಿನಲ್ಲಿ ಬರುತ್ತಿಲ್ಲ’ ಎನ್ನುತ್ತೀರಿ. ಆ ಮೊಬೈಲ್ ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಜಿಗಿದಿರುತ್ತದೆ. ಹೋಲಿಸುವ ಮೊದಲು ಮೊಬೈಲ್ ಡೇಟಾ ಆರಿಸಿ.

2. ಆರಿಸಿ ಹಚ್ಚುವುದಕ್ಕೂ ಒಂದು ಕ್ರಮ

ಮೋಡೆಮ್ ಮತ್ತು ರೂಟರ್ ಎರಡನ್ನೂ ಆರಿಸಿ ಅರ್ಧ ನಿಮಿಷ ಬಿಡಿ. ಮೊದಲು ಮೋಡೆಮ್ ಹಚ್ಚಿ, ಅದರ ದೀಪಗಳು ಮಿನುಗುವುದು ನಿಂತು ಸ್ಥಿರವಾಗುವವರೆಗೆ ಕಾಯಿರಿ. ಆಮೇಲೆ ರೂಟರ್, ಕೊನೆಗೆ ಕಂಪ್ಯೂಟರುಗಳು. ಎರಡೂ ಒಂದೇ ಪೆಟ್ಟಿಗೆಯಾಗಿದ್ದರೆ ಈ ತಲೆಬಿಸಿ ಇಲ್ಲ.

ಇದರಿಂದ ಸರಿಹೋಗಿ, ಮರುದಿನ ಮತ್ತೆ ಅದೇ ಗೋಳಾದರೆ ದಿನವೂ ಆರಿಸಿ ಹಚ್ಚುವುದನ್ನೇ ಪರಿಹಾರ ಎಂದುಕೊಳ್ಳಬೇಡಿ. ರೂಟರಿನ ಮೈ ಮುಟ್ಟಿ ನೋಡಿ. ಮುಚ್ಚಿದ ಕಪಾಟಿನಲ್ಲಿ, ಬೇರೆ ಪೆಟ್ಟಿಗೆಗಳ ಮೇಲೆ ಕುಳಿತು ಅದು ಕಾದಿದ್ದರೆ ಮೊದಲು ಗಾಳಿಯಾಡುವ ಜಾಗಕ್ಕೆ ತನ್ನಿ. ಹಳೆಯದಾದ ಪವರ್ ಅಡಾಪ್ಟರ್ ಕೂಡ ಇದೇ ಲಕ್ಷಣ ತೋರಿಸುತ್ತದೆ: ದೀಪ ಉರಿಯುತ್ತದೆ, ಕೆಲಸದ ಹೊರೆ ಬಿದ್ದಾಗ ರೂಟರ್ ತಾನಾಗಿ ಆರಿ ಹತ್ತಿಕೊಳ್ಳುತ್ತದೆ. ಅಡಾಪ್ಟರ್ ಬದಲಿಸುವಾಗ ವೋಲ್ಟ್ ಅದೇ ಇರಬೇಕು, ಪಿನ್ನಿನ ಧ್ರುವ ಅದೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಕೂಡದು.

3. ಕೇಬಲ್ ಪರೀಕ್ಷೆ

ಒಂದು ಕಂಪ್ಯೂಟರನ್ನು ಕೇಬಲ್ ಮೂಲಕ ರೂಟರಿನ ಲ್ಯಾನ್ ಕಿಂಡಿಗೆ ಜೋಡಿಸಿ, ಅದರ ವೈಫೈ ಆರಿಸಿ. ಲ್ಯಾನ್ ಎಂದರೆ ಮನೆಯೊಳಗಿನ ಜಾಲ. ಬೇರೆ ಬಣ್ಣದಲ್ಲಿ ಒಂಟಿಯಾಗಿರುವ ವ್ಯಾನ್ ಕಿಂಡಿ ಹೊರಗಿನ ಸಂಪರ್ಕಕ್ಕೆ. ಈಗ ವೇಗ ಪರೀಕ್ಷಿಸಿ. ಕೇಬಲಿನಲ್ಲೂ ವೇಗ ಸಿಗದಿದ್ದರೆ ವೈಫೈ ಸೆಟ್ಟಿಂಗ್ ತಿರುಚುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಎರಡು ಎಚ್ಚರಿಕೆ. ಕಂಪನಿ ಹೇಳುವ 100 ಎಂಬಿಪಿಎಸ್‌ನಲ್ಲಿರುವುದು ಮೆಗಾಬಿಟ್. ಫೈಲ್ ಇಳಿಯುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 12 ಮೆಗಾಬೈಟ್ ಬರುತ್ತಿದ್ದರೆ ನಿಮಗೆ ಯಾರೂ ಮೋಸ ಮಾಡಿಲ್ಲ. ಇನ್ನು, ಗಿಗಾಬಿಟ್ (ಸಾವಿರ ಮೆಗಾಬಿಟ್) ಸಂಪರ್ಕಕ್ಕೆ ಕೇಬಲಿನ ನಾಲ್ಕು ಜೋಡಿ ತಂತಿಗಳೂ ಬೇಕು. ಒಂದು ಎಳೆ ಮುರಿದಿದ್ದರೂ ಸಂಪರ್ಕ ಮಾತಿಲ್ಲದೆ 100 ಮೆಗಾಬಿಟ್‌ಗೆ ಇಳಿಯಬಹುದು, ಆದರೂ ಎಲ್ಲವೂ ಸರಿಯಿದೆ ಎಂಬಂತೆಯೇ ಕಾಣುತ್ತದೆ. ವೇಗ 94–95ರ ಆಸುಪಾಸಿನಲ್ಲಿ ಗೋಡೆಗೆ ಬಡಿದಂತೆ ನಿಂತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಮೋಡೆಮ್ ಮತ್ತು ರೂಟರ್ ನಡುವಿನ ಕೇಬಲಿಗೂ ಇದು ಅನ್ವಯಿಸುತ್ತದೆ. ಆ ಕೇಬಲನ್ನು ಯಾರೂ ಅನುಮಾನಿಸುವುದೇ ಇಲ್ಲ.

4. ವಿಳಾಸ ಸಿಕ್ಕಿದೆಯೇ?

ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು. ಸಾಮಾನ್ಯವಾಗಿ ರೂಟರೇ ಅದನ್ನು ಹಂಚುತ್ತದೆ. ಆ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಿಟಕಿ ತೆರೆದು ಐಪಿಕಾನ್ಫಿಗ್ (ipconfig) ಎಂದು, ನಡುವೆ ಜಾಗ ಬಿಡದೆ, ಟೈಪ್ ಮಾಡಿ. ಮ್ಯಾಕ್‌ನಲ್ಲಿ ವೈಫೈ ಸೆಟ್ಟಿಂಗ್‌ಗಳ ವಿವರದಲ್ಲಿ ಇದೇ ಮಾಹಿತಿ ಸಿಗುತ್ತದೆ. ನೆಟ್ಟಗಿರುವ ಕಂಪ್ಯೂಟರಿನದನ್ನೂ ಕೆಟ್ಟದ್ದರದನ್ನೂ ಕಾಗದದ ಮೇಲೆ ಅಕ್ಕಪಕ್ಕ ಬರೆದುಕೊಳ್ಳಿ: ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್ (ವಿಳಾಸದ ಯಾವ ಭಾಗ ಇಡೀ ಜಾಲಕ್ಕೆ ಸೇರಿದ್ದು ಎಂದು ಹೇಳುವ ಸಂಖ್ಯೆ), ಗೇಟ್‌ವೇ. ಗೇಟ್‌ವೇ ಎಂದರೆ ರೂಟರಿನ ಸ್ವಂತ ವಿಳಾಸ, ಹೊರಗೆ ಹೋಗುವ ಬಾಗಿಲು.

ಮನೆಗಳಲ್ಲಿ ವಿಳಾಸ ಬಹುತೇಕ 192.168 ಎಂದು ಶುರುವಾಗುತ್ತದೆ. ಕೆಲವೆಡೆ 10 ಎಂದು ಶುರುವಾಗುವುದೂ ಉಂಟು. ಎರಡೂ ಕಂಪ್ಯೂಟರುಗಳ ಗೇಟ್‌ವೇ ಒಂದೇ ಆಗಿರಬೇಕು. ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳಲ್ಲಿ ಮೊದಲ ಮೂರೂ ಒಂದೇ ಇರಬೇಕು, ಕೊನೆಯದು ಮಾತ್ರ ಬೇರೆ.

ಕೆಟ್ಟ ಕಂಪ್ಯೂಟರಿನಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಅರ್ಧ ಕೆಲಸ ಮುಗಿದಂತೆ. ವಿಳಾಸ ಕೊಡಿ ಎಂದು ಅದು ಕೇಳಿದೆ, ಯಾರೂ ಉತ್ತರಿಸಿಲ್ಲ, ಕೊನೆಗೆ ತಾನೇ ಒಂದನ್ನು ಸೃಷ್ಟಿಸಿಕೊಂಡಿದೆ. ಐಪಿಕಾನ್ಫಿಗ್ ಮುಂದೆ ಜಾಗ ಬಿಟ್ಟು ಓರೆಗೆರೆ ಹಾಕಿ ರಿಲೀಸ್ (ipconfig /release), ಆಮೇಲೆ ಅದೇ ರೀತಿ ರಿನ್ಯೂ (ipconfig /renew) ಎಂದು ಕೊಟ್ಟರೆ ಮತ್ತೊಮ್ಮೆ ಕೇಳುತ್ತದೆ. ಆಗಲೂ ಸಿಗದಿದ್ದರೆ, ಇತರ ಯಂತ್ರಗಳಿಗೆ ಸಿಗುತ್ತಿದ್ದರೆ, ರೂಟರಿನ ಡಿಎಚ್‌ಸಿಪಿ ಪುಟದಲ್ಲಿ (ಚೀಟಿಯಲ್ಲಿರುವ ರೂಟರಿನ ವಿಳಾಸವನ್ನು ಬ್ರೌಸರಿನಲ್ಲಿ ಕೊಟ್ಟರೆ ತೆರೆಯುವ ಸೆಟ್ಟಿಂಗ್ ಪುಟಗಳಲ್ಲೊಂದು) ಎಷ್ಟು ವಿಳಾಸಗಳನ್ನು ಹಂಚಲು ಅವಕಾಶವಿದೆ ಎಂದು ನೋಡಿ. ಯಾರೋ ಅದನ್ನು ಹತ್ತಕ್ಕೆ ಮಿತಿಗೊಳಿಸಿದ್ದು, ಮನೆಯ ಟಿವಿ, ಬಲ್ಬು, ಮೊಬೈಲುಗಳೆಲ್ಲ ಸೇರಿ ಹತ್ತನ್ನೂ ನುಂಗಿರಬಹುದು.

‘ಐಪಿ ವಿಳಾಸದ ಘರ್ಷಣೆ’ ಎಂಬ ಸಂದೇಶ ಬಂದರೆ ಒಂದೇ ವಿಳಾಸವನ್ನು ಇಬ್ಬರು ಬಳಸುತ್ತಿದ್ದಾರೆ. ಹಿಂದೆಂದೋ ಪ್ರಿಂಟರಿಗೋ ಕಂಪ್ಯೂಟರಿಗೋ ಕೈಯಿಂದ ಶಾಶ್ವತ ವಿಳಾಸ ಕೊಟ್ಟಿರುತ್ತೀರಿ, ರೂಟರಿಗೆ ಅದು ಗೊತ್ತಿರುವುದಿಲ್ಲ, ಅದೇ ವಿಳಾಸವನ್ನು ಮತ್ತೊಂದಕ್ಕೆ ಹಂಚುತ್ತದೆ. ಶಾಶ್ವತ ವಿಳಾಸ ಬೇಕಾದರೆ ಯಂತ್ರದಲ್ಲಿ ಕೊಡಬೇಡಿ. ರೂಟರಿನಲ್ಲೇ ಆ ಯಂತ್ರದ ಹೆಸರಿಗೆ ಕಾದಿರಿಸಿ.

5. ಪಿಂಗ್ ಏಣಿ

ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೂಗಿ, ‘ಇದ್ದೇನೆ’ ಎಂಬ ಉತ್ತರಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಅಳೆಯುವ ಸಣ್ಣ ಕಮಾಂಡ್. ಹತ್ತಿರದಿಂದ ದೂರಕ್ಕೆ ಒಂದೊಂದೇ ಮೆಟ್ಟಿಲು ಹತ್ತಬೇಕು.

ಮೊದಲು ಗೇಟ್‌ವೇಯನ್ನು ಪಿಂಗ್ ಮಾಡಿ, ಉದಾಹರಣೆಗೆ ಪಿಂಗ್ 192.168.1.1 (ping 192.168.1.1). ಉತ್ತರ ಬಾರದಿದ್ದರೆ ನಿಮ್ಮ ಯಂತ್ರ ಮತ್ತು ರೂಟರ್ ನಡುವೆ ದೋಷ. ಬಂದರೆ ಪಿಂಗ್ 8.8.8.8. ಇದು ಗೂಗಲ್‌ನ ಸಾರ್ವಜನಿಕ ಸರ್ವರ್. ಅಲ್ಲಿಂದ ಉತ್ತರ ಬಾರದಿದ್ದರೆ ದೋಷ ರೂಟರಿನಲ್ಲಿ ಅಥವಾ ಅದರಾಚೆಗೆ. ಬಂದರೆ ಯಾವುದಾದರೂ ಜಾಲತಾಣದ ಹೆಸರನ್ನು ಪಿಂಗ್ ಮಾಡಿ. ಅಂಕಿಗೆ ಉತ್ತರ ಬಂದು, ಹೆಸರಿಗೆ ‘ಹೋಸ್ಟ್ ಸಿಗಲಿಲ್ಲ’ ಎಂದರೆ ದೋಷ ಡಿಎನ್‌ಎಸ್‌ನದು. ಹೆಸರನ್ನು ಅಂಕಿಗೆ ಬದಲಿಸಿ ಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಸಿಗ್ನಲ್ ತುಂಬಿದ್ದರೂ ಪುಟ ತೆರೆಯದಿರುವುದಕ್ಕೆ ಎಷ್ಟೋ ಸಲ ಕಾರಣ ಇದೇ. ರೂಟರಿನಲ್ಲಿ ಡಿಎನ್‌ಎಸ್ ವಿಳಾಸವನ್ನು 1.1.1.1 ಮತ್ತು 8.8.8.8 ಎಂದು ಬದಲಿಸಿದರೆ ಎಲ್ಲ ಯಂತ್ರಗಳಿಗೂ ಒಮ್ಮೆಗೇ ಅನ್ವಯವಾಗುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಈ ತೊಂದರೆ ಇದ್ದರೆ ರೂಟರ್ ಮುಟ್ಟದೆ, ಅದರಲ್ಲಿ ಯಾರಾದರೂ ಕೈಯಿಂದ ಡಿಎನ್‌ಎಸ್ ತುಂಬಿದ್ದಾರೆಯೇ ನೋಡಿ.

ವಿಂಡೋಸ್‌ನ ಪಿಂಗ್ ಒಂದು ಕಡೆ ದಾರಿ ತಪ್ಪಿಸುತ್ತದೆ. ‘192.168.1.5ರಿಂದ ಉತ್ತರ: ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂಬ ಸಾಲು ಬಂದಾಗ ‘ಉತ್ತರ’ ಎಂಬ ಪದ ನೋಡಿ ಸಮಾಧಾನವಾಗುತ್ತದೆ, ಕೆಳಗಿನ ಲೆಕ್ಕವೂ ನಷ್ಟ ಸೊನ್ನೆ ಎನ್ನುತ್ತದೆ. ಆ 192.168.1.5 ಯಾರೆಂದು ನೋಡಿ: ನಿಮ್ಮದೇ ಕಂಪ್ಯೂಟರು. ‘ನನಗೆ ಅವನು ಸಿಗಲಿಲ್ಲ’ ಎಂದು ಅದು ನಿಮಗೆ ಹೇಳುತ್ತಿದೆ, ಅಷ್ಟೇ.

ಸಂಪರ್ಕ ಆಗಾಗ ಕಡಿಯುವುದಾದರೆ ಎರಡು ಕಿಟಕಿ ತೆರೆದು, ಒಂದರಲ್ಲಿ ಗೇಟ್‌ವೇಯನ್ನೂ ಇನ್ನೊಂದರಲ್ಲಿ 8.8.8.8 ಅನ್ನೂ ಎಡೆಬಿಡದೆ ಪಿಂಗ್ ಮಾಡಲು ಬಿಡಿ. ವಿಂಡೋಸ್‌ನಲ್ಲಿ ವಿಳಾಸದ ನಂತರ ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ (-t) ಹಾಕಿದರೆ ನಿಲ್ಲಿಸುವವರೆಗೂ ನಡೆಯುತ್ತದೆ. ಮ್ಯಾಕ್, ಲಿನಕ್ಸ್‌ಗಳಲ್ಲಿ ಅದಾಗಿಯೇ ನಡೆಯುತ್ತದೆ. ನಿಲ್ಲಿಸಲು ಕಂಟ್ರೋಲ್ ಜೊತೆ ಸಿ. ಕಡಿದ ಕ್ಷಣದಲ್ಲಿ ಎರಡೂ ನಿಂತರೆ ತಪ್ಪು ಮನೆಯೊಳಗೆ. ಗೇಟ್‌ವೇ ಉತ್ತರಿಸುತ್ತಲೇ ಇದ್ದು ಎರಡನೆಯದು ಮಾತ್ರ ನಿಂತರೆ ಹೊರಗಿನ ತಂತಿ, ಮೋಡೆಮ್, ಅಥವಾ ಕಂಪನಿ. ಇಡೀ ಲೇಖನದಲ್ಲಿ ಒಂದೇ ಒಂದು ಪರೀಕ್ಷೆ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ.

6. ಗಾಳಿಯಲ್ಲಿ ಏನು ನಡೆಯುತ್ತಿದೆ

ಕೇಬಲಿನಲ್ಲಿ ಸರಿ, ವೈಫೈಯಲ್ಲಿ ಅಲ್ಲ ಎಂದು ಖಚಿತವಾದವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಸಿಗ್ನಲ್ಲನ್ನು ಗೆರೆಗಳಲ್ಲಿ ನೋಡಬೇಡಿ, ಅಂಕಿಯಲ್ಲಿ ನೋಡಿ. ಮ್ಯಾಕ್‌ನಲ್ಲಿ ಆಪ್ಶನ್ ಕೀಲಿ ಒತ್ತಿಹಿಡಿದು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಆರ್‌ಎಸ್‌ಎಸ್‌ಐ ಎಂಬ ಋಣ ಅಂಕಿ ಸಿಗುತ್ತದೆ. ವಿಂಡೋಸ್‌ನಲ್ಲಿ ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್ (netsh wlan show interfaces) ಎಂಬ ಕಮಾಂಡ್ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ, ಚಾನೆಲ್, ಅಂದರೆ ರೂಟರ್ ಮಾತನಾಡುವ ರೇಡಿಯೊ ಓಣಿ, ಯಾವುದು ಎಂದೂ ಹೇಳುತ್ತದೆ. ಆಂಡ್ರಾಯ್ಡ್ ಮೊಬೈಲಿಗೆ ವೈಫೈ ಅನಲೈಸರ್ ಬಗೆಯ ಉಚಿತ ಆ್ಯಪ್‌ಗಳಿವೆ. ಅಳತೆಯ ಮಾನ ಡಿಬಿಎಂ. ಮೈನಸ್ 50 ಅತ್ಯುತ್ತಮ, ಮೈನಸ್ 67ರವರೆಗೆ ವೀಡಿಯೊ ಕರೆಗೂ ತೊಂದರೆಯಿಲ್ಲ, ಮೈನಸ್ 75 ದಾಟಿದರೆ ಒದ್ದಾಟ ಶುರು, ಮೈನಸ್ 80ರ ಆಚೆ ಹೆಸರಿಗಷ್ಟೇ ಸಂಪರ್ಕ. ಪ್ರತಿ 10 ಅಂಕ ಕೆಳಗಿಳಿದಾಗ ಶಕ್ತಿ ಹತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ ಎಂಬುದನ್ನು ನೆನಪಿಡಿ. 50ಕ್ಕೂ 70ಕ್ಕೂ ಇರುವ ಅಂತರ ನೂರು ಪಟ್ಟು.

ಸಿಗ್ನಲ್ ದುರ್ಬಲವಾಗಿದ್ದರೆ ರೂಟರಿನ ಜಾಗ ಬದಲಿಸುವುದೇ ಮೊದಲ ಮದ್ದು, ಖರ್ಚೂ ಇಲ್ಲ. ಮನೆಯ ನಡುಭಾಗ, ಎದೆಯೆತ್ತರ, ತೆರೆದ ಜಾಗ. ಲೋಹದ ಕಪಾಟು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಫ್ರಿಜ್ ಇವೆಲ್ಲ ರೇಡಿಯೊ ಅಲೆಗಳ ವೈರಿಗಳು. ಟಿವಿಯ ಹಿಂದೆ ರೂಟರ್ ಬಚ್ಚಿಡುವ ಅಭ್ಯಾಸ ನೋಡಲು ಅಚ್ಚುಕಟ್ಟು, ಸಿಗ್ನಲ್ಲಿಗೆ ಅಲ್ಲ.

ಸಿಗ್ನಲ್ ಚೆನ್ನಾಗಿದ್ದೂ ವೇಗ ಇಲ್ಲದಿದ್ದರೆ ಗಾಳಿಯಲ್ಲಿ ಗದ್ದಲವಿದೆ. ವೈಫೈ ಮುಖ್ಯವಾಗಿ ಎರಡು ತರಂಗ ಪಟ್ಟಿಗಳಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಇಕ್ಕಟ್ಟು. ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ. 5 ಗಿಗಾಹರ್ಟ್ಸ್ ವಿಶಾಲ ಮತ್ತು ವೇಗ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ.

2.4ರಲ್ಲಿ ಚಾನೆಲ್ ಆರಿಸುವಾಗ ಬುದ್ಧಿವಂತರೂ ತಪ್ಪುತ್ತಾರೆ. ಅಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದು ವೈಫೈ ಸಂಕೇತಕ್ಕೆ ಬೇಕಾಗುವ ಅಗಲ ಸುಮಾರು 20. ಅಂದರೆ ಒಂದರ ಮೇಲೊಂದು ಬೀಳದೆ ಕೂರಬಲ್ಲವು 1, 6, 11 ಮಾತ್ರ. ನೆರೆಯವರೆಲ್ಲ 1 ಮತ್ತು 6ರಲ್ಲಿದ್ದಾರೆ, 3 ಖಾಲಿ ಕಾಣುತ್ತದೆ, ಅಲ್ಲಿಗೆ ಹೋಗೋಣ ಎನಿಸುತ್ತದೆ. ಹೋಗಬೇಡಿ. ಒಂದೇ ಚಾನೆಲ್ಲಿನಲ್ಲಿರುವ ರೂಟರುಗಳು ಪರಸ್ಪರರ ಮಾತು ಕೇಳಿಸಿಕೊಂಡು ಸರದಿಗಾಗಿ ಕಾಯುತ್ತವೆ. 3ರಲ್ಲಿ ಕುಳಿತರೆ 1ರವರ ಮಾತೂ 6ರವರ ಮಾತೂ ನಿಮಗೆ ಅರ್ಥವಾಗದ ಸದ್ದಾಗಿ ಬೀಳುತ್ತದೆ, ನಿಮ್ಮದು ಅವರಿಗೆ ಹಾಗೆಯೇ. ಮೂರರಲ್ಲಿ ಯಾವುದರಲ್ಲಿ ಗದ್ದಲ ಕಡಿಮೆಯೋ ಅದನ್ನು ಆರಿಸಿ, ಚಾನೆಲ್ ಅಗಲವನ್ನು 20ಕ್ಕೆ ಇಳಿಸಿ. 40 ಎಂದು ಇಟ್ಟರೆ ವೇಗ ಹೆಚ್ಚುತ್ತದೆ ಎಂಬ ಆಸೆ ಒತ್ತೊತ್ತಾಗಿ ಮನೆಗಳಿರುವ ಕಡೆ ಫಲಿಸುವುದಿಲ್ಲ.

5ರಲ್ಲಿ 36ರಿಂದ 48ರವರೆಗಿನ ಚಾನೆಲ್‌ಗಳು ಸುರಕ್ಷಿತ ಆಯ್ಕೆ. 52ರಿಂದ 144ರವರೆಗಿನವನ್ನು ಹಲವು ದೇಶಗಳಲ್ಲಿ ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ರೇಡಾರ್ ಸದ್ದು ಕೇಳಿದೊಡನೆ ರೂಟರ್ ಆ ಚಾನೆಲ್ ಬಿಟ್ಟೋಡಬೇಕು, ಅಂಥದ್ದೇ ಮತ್ತೊಂದಕ್ಕೆ ಹೋಗುವ ಮೊದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟಿರಬೇಕು. ನಿಮ್ಮ 5 ಗಿಗಾಹರ್ಟ್ಸ್ ಜಾಲ ಆಗೊಮ್ಮೆ ಈಗೊಮ್ಮೆ ಒಂದೆರಡು ನಿಮಿಷ ಪೂರ್ತಿ ಮಾಯವಾಗಿ ಮರಳುತ್ತಿದ್ದರೆ ಚಾನೆಲ್ ಸಂಖ್ಯೆ ನೋಡಿ.

ಎರಡೂ ಪಟ್ಟಿಗಳಿಗೆ ಒಂದೇ ಹೆಸರಿದ್ದರೆ ಯಾವ ಕಂಪ್ಯೂಟರ್ ಎಲ್ಲಿದೆ ಎಂದು ತಿಳಿಯುವುದಿಲ್ಲ. ಪರೀಕ್ಷೆಯ ಮಟ್ಟಿಗೆ ಎರಡಕ್ಕೂ ಬೇರೆ ಹೆಸರು ಕೊಡಿ. ಎರಡೇ ಹೆಜ್ಜೆ ದೂರದ ಲ್ಯಾಪ್‌ಟಾಪ್ 2.4ಕ್ಕೆ ಅಂಟಿಕೊಂಡು ಕುಳಿತಿರುವುದು ಆಗ ಬಯಲಾಗುತ್ತದೆ. ಇನ್ನೊಂದು ಗುಪ್ತ ಶತ್ರು ಯುಎಸ್‌ಬಿ 3: ಅದರ ಹಾರ್ಡ್‌ಡಿಸ್ಕ್‌ಗಳು, ಹಬ್‌ಗಳು, ಕವಚ ಸರಿಯಿಲ್ಲದ ಕೇಬಲ್‌ಗಳು 2.4ರ ಪಟ್ಟಿಯಲ್ಲೇ ಸದ್ದು ಚೆಲ್ಲುತ್ತವೆ. ಡಿಸ್ಕ್ ಚುಚ್ಚಿದಾಗಲೆಲ್ಲ ಆ ಒಂದು ಲ್ಯಾಪ್‌ಟಾಪಿನ ವೈಫೈ ಕುಂಟಿದರೆ ಅನುಮಾನವೇ ಬೇಡ. ಡಿಸ್ಕನ್ನು ಉದ್ದ ಕೇಬಲಿನಲ್ಲಿ ದೂರವಿಡಿ ಅಥವಾ ಲ್ಯಾಪ್‌ಟಾಪನ್ನು 5ಕ್ಕೆ ದಾಟಿಸಿ.

ಭದ್ರತೆಯ ಸೆಟ್ಟಿಂಗ್ ಕೂಡ ವೇಗ ತಿನ್ನಬಲ್ಲದು. ವೈಫೈಗೆ ಬೀಗ ಹಾಕುವ ವಿಧಾನ ಡಬ್ಲ್ಯುಪಿಎ2, ಅದರೊಳಗೆ ಎಇಎಸ್ ಎಂದಿರಲಿ. ಟಿಕೆಐಪಿ ಎಂಬ ಹಳೆಯ ವಿಧಾನ ಆರಿಸಿದ್ದರೆ ಹೊಸ ರೂಟರು ಕೂಡ 54 ಮೆಗಾಬಿಟ್ ಕಾಲಕ್ಕೆ ಮರಳುತ್ತದೆ. ಅದರ ನಂತರ ಬಂದ ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟರೆ ಹಳೆಯ ಲ್ಯಾಪ್‌ಟಾಪು, ಪ್ರಿಂಟರುಗಳು ಒಳಗೆ ಬರಲಾರವು; ಎರಡನ್ನೂ ಒಪ್ಪುವ ಮಿಶ್ರ ಆಯ್ಕೆ ಇದ್ದರೆ ಅದು ಒಳ್ಳೆಯದು. ಎಲ್ಲಕ್ಕಿಂತ ಹಳೆಯ ಡಬ್ಲ್ಯುಇಪಿ ಇದ್ದರೆ ಇವತ್ತೇ ತೆಗೆಯಿರಿ. ಅದರ ಬೀಗ ಮುರಿಯುವ ದಾರಿ 2001ರಲ್ಲೇ ಜಗಜ್ಜಾಹೀರಾಯಿತು.

ರಿಪೀಟರ್, ಅಂದರೆ ಸಿಗ್ನಲ್ ಹಿಡಿದು ಮುಂದಕ್ಕೆ ಬಿಡುವ ಪೆಟ್ಟಿಗೆ, ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಸಿಗ್ನಲ್ ಸತ್ತಿರುವ ಕೋಣೆಯಲ್ಲಿ ಅದನ್ನಿಟ್ಟರೆ ಅದು ಏನನ್ನು ಪುನರುಚ್ಚರಿಸಬೇಕು? ಸಿಗ್ನಲ್ ಇನ್ನೂ ಜೀವಂತವಾಗಿರುವ ನಡುದಾರಿಯಲ್ಲಿಡಿ. ಒಂದೇ ರೇಡಿಯೊ ಇರುವ ಅಗ್ಗದ ರಿಪೀಟರ್ ಕೇಳಿದ್ದನ್ನೆಲ್ಲ ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕೇಬಲ್ ಎಳೆಯಲು ಸಾಧ್ಯವಿದ್ದರೆ, ಎಳೆದು ಆ ತುದಿಗೊಂದು ಆಕ್ಸೆಸ್ ಪಾಯಿಂಟ್ ಇಡುವುದಕ್ಕಿಂತ ಉತ್ತಮ ದಾರಿ ನನಗಂತೂ ಕಂಡಿಲ್ಲ.

7. ಒಬ್ಬರು ಬಳಸಿದರೆ ಎಲ್ಲರಿಗೂ ನಿಧಾನ

ಎರಡು ಬೇರೆ ಕಾರಣಗಳಿವೆ, ಮದ್ದೂ ಬೇರೆ.

ಮೊದಲನೆಯದು ಗಾಳಿಯ ಸಮಯ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು. ದೂರದ ಕೋಣೆಯ ಲ್ಯಾಪ್‌ಟಾಪ್ ಸಿಗ್ನಲ್ ಸಾಲದೆ 6 ಮೆಗಾಬಿಟ್ ವೇಗಕ್ಕೆ ಇಳಿದಿದ್ದರೆ, 54ರಲ್ಲಿ ಮಾತನಾಡುವವನಿಗಿಂತ ಅಷ್ಟೇ ದತ್ತಾಂಶಕ್ಕೆ ಒಂಬತ್ತು ಪಟ್ಟು ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ರೂಟರಿನ ಪಕ್ಕದಲ್ಲೇ ಕುಳಿತವರು ಕೂಡ ಅದು ಮುಗಿಸುವವರೆಗೆ ಕಾಯಬೇಕು. ಹಾಗಾಗಿ ನಿಮ್ಮ ವೇಗ ಕುಸಿದಾಗ ನಿಮ್ಮ ಲ್ಯಾಪ್‌ಟಾಪನ್ನೇ ಬಗೆದು ನೋಡಬೇಡಿ, ದೂರದ ಕೋಣೆಯವರನ್ನು ಕೇಬಲಿಗೆ ಅಥವಾ ಹತ್ತಿರಕ್ಕೆ ತನ್ನಿ. ಮೇಜಿನ ಮೇಲೆ ಕದಲದೆ ಕೂರುವ ಕಂಪ್ಯೂಟರು, ಟಿವಿ ಇವೆಲ್ಲ ಕೇಬಲಿಗೆ ಹೋದಷ್ಟೂ ಉಳಿದವರಿಗೆ ಗಾಳಿ ತೆರವಾಗುತ್ತದೆ.

ಎರಡನೆಯದು ಅಪ್‌ಲೋಡ್ ದಾರಿಯ ಸರದಿ ಸಾಲು. ಒಂದು ಕಂಪ್ಯೂಟರ್ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಿದ್ದಾಗ ಉಳಿದವರ ವೀಡಿಯೊ ಕರೆಗಳು ಕಡಿಯುತ್ತವೆ. ಕೇಬಲಿನಲ್ಲಿರುವ ಕಂಪ್ಯೂಟರಿನಿಂದ 8.8.8.8 ಅನ್ನು ಪಿಂಗ್ ಮಾಡುತ್ತ, ಅಪ್‌ಲೋಡ್ ಶುರು ಮಾಡಿಸಿ. 20 ಮಿಲಿಸೆಕೆಂಡ್ ಇದ್ದದ್ದು ಐನೂರಕ್ಕೋ ಸಾವಿರಕ್ಕೋ ಜಿಗಿದರೆ ರೂಟರ್ ಅಥವಾ ಮೋಡೆಮ್ಮಿನಲ್ಲಿ ಕಳುಹಿಸಬೇಕಾದ ದತ್ತಾಂಶದ ಪೊಟ್ಟಣಗಳು ಉದ್ದಕ್ಕೆ ಸಾಲುಗಟ್ಟಿವೆ. ಬ್ಯಾಕಪ್ ತಂತ್ರಾಂಶದಲ್ಲೇ ಅಪ್‌ಲೋಡ್ ಮಿತಿ ಹಾಕುವುದು ಸುಲಭ. ರೂಟರಿನಲ್ಲಿ ಕ್ಯೂಓಎಸ್ ಅಥವಾ ಎಸ್‌ಕ್ಯೂಎಂ ಎಂಬ, ಈ ಸಾಲನ್ನು ನಿಭಾಯಿಸುವ ಸೌಲಭ್ಯವಿದ್ದರೆ, ಅಳೆದ ಅಪ್‌ಲೋಡ್ ವೇಗದ ಶೇಕಡಾ 85–90ಕ್ಕೆ ಮಿತಿ ಇಡಿ. ಹೆಚ್ಚು ವೇಗದ ಯೋಜನೆ ಕೊಂಡರೆ ಸಾಲು ತಡವಾಗಿ ಬೆಳೆಯುತ್ತದೆ, ಇಲ್ಲವಾಗುವುದಿಲ್ಲ.

8. ಹಟ ಹಿಡಿದ ಒಂದೇ ಕಂಪ್ಯೂಟರು

ವಿಳಾಸ ಸರಿ, ಪಕ್ಕದ ಯಂತ್ರ ಸರಿ, ಇದು ಮಾತ್ರ ಇಲ್ಲ. ಈ ಕ್ರಮದಲ್ಲಿ ನೋಡಿ. ಮೊದಲು ಗಡಿಯಾರ: ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳೆಲ್ಲ ಪ್ರಮಾಣಪತ್ರ ಸರಿಯಿಲ್ಲ ಎಂದು ಬಾಗಿಲು ಮುಚ್ಚುತ್ತವೆ. ಆಮೇಲೆ ವಿಪಿಎನ್ ಮತ್ತು ಪ್ರಾಕ್ಸಿ, ಅಂದರೆ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೆಟ್ಟಿಂಗ್‌ಗಳು; ಕಚೇರಿಯ ಲ್ಯಾಪ್‌ಟಾಪಿನಲ್ಲಿ ಪ್ರಾಕ್ಸಿ ಸೆಟ್ಟಿಂಗ್ ಮನೆಗೂ ಹಿಂಬಾಲಿಸಿ ಬಂದಿರುತ್ತದೆ. ನಂತರ ಉಳಿಸಿಟ್ಟ ವೈಫೈ ಜಾಲವನ್ನು ‘ಮರೆತುಬಿಡು’ ಎಂದು ಅಳಿಸಿ, ಪಾಸ್‌ವರ್ಡ್ ಹೊಸದಾಗಿ ಕೊಡಿ.

ಸ್ವಲ್ಪ ಹೊತ್ತು ಬಿಟ್ಟು ಬಂದರೆ ಸಂಪರ್ಕ ಕಡಿದಿರುತ್ತದೆ ಎನ್ನುವವರು ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದರೆ ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಗುರುತು ತೆಗೆಯಿರಿ. ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ‘ನಿಮ್ಮ ಡ್ರೈವರ್ ಹಳೆಯದು’ ಎಂದು ಜಾಹೀರಾತಿನಲ್ಲಿ ಕೂಗುವ ತಂತ್ರಾಂಶಗಳಿಗೆ ಕೈ ಹಾಕಬೇಡಿ.

ರೂಟರಿನಲ್ಲಿ ಮ್ಯಾಕ್ ಫಿಲ್ಟರ್, ಅಂದರೆ ಪಟ್ಟಿಯಲ್ಲಿರುವ ಸಾಧನಗಳನ್ನಷ್ಟೇ ಒಳಬಿಡುವ ಕಾವಲು, ಹಾಕಿದ್ದೀರಾ? ಮ್ಯಾಕ್ ವಿಳಾಸ ಎಂದರೆ ಪ್ರತಿ ವೈಫೈ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ, ಆ್ಯಪಲ್ ಕಂಪ್ಯೂಟರಿಗೆ ಸಂಬಂಧವಿಲ್ಲ. ಈಗಿನ ಮೊಬೈಲುಗಳು, ಕೆಲವು ಕಂಪ್ಯೂಟರುಗಳು ಗೌಪ್ಯತೆಗಾಗಿ ಸುಳ್ಳು ಸಂಖ್ಯೆ ತೋರಿಸುತ್ತವೆ, ಫಿಲ್ಟರ್ ಅವನ್ನು ಅಪರಿಚಿತರೆಂದು ಹೊರಗಿಡುತ್ತದೆ. ಆ ಫಿಲ್ಟರಿನಿಂದ ಭದ್ರತೆಯೂ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ತೆಗೆದುಬಿಡಿ.

9. ಇಂಟರ್ನೆಟ್ ಇದೆ, ಒಂದಕ್ಕೊಂದು ಕಾಣುವುದಿಲ್ಲ

ಮೊದಲು ಎರಡೂ ಒಂದೇ ಜಾಲದಲ್ಲಿವೆಯೇ ನೋಡಿ. ಒಂದು ಅತಿಥಿ ಜಾಲದಲ್ಲಿ (ಬಂದವರಿಗೆಂದು ರೂಟರ್ ಬೇರೆ ಹೆಸರಿನಲ್ಲಿ ಕೊಡುವ ವೈಫೈ) ಇದ್ದರೆ ಕಾಣಿಸದಿರುವುದೇ ಅದರ ಉದ್ದೇಶ.

ನಾಲ್ಕನೆಯ ಹಂತದಲ್ಲಿ ಬರೆದುಕೊಂಡ ಕಾಗದ ತೆಗೆಯಿರಿ. ಒಂದರ ವಿಳಾಸ 192.168.1 ಎಂದೂ ಇನ್ನೊಂದರದು 192.168.0 ಎಂದೂ ಇದ್ದರೆ ಮನೆಯಲ್ಲಿ ಇಬ್ಬರು ಯಜಮಾನರಿದ್ದಾರೆ: ಕಂಪನಿಯ ಪೆಟ್ಟಿಗೆಯೂ ನೀವು ಕೊಂಡ ರೂಟರೂ ಎರಡೂ ವಿಳಾಸ ಹಂಚುತ್ತಿವೆ. ನಿಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸಿ. ಆ ಆಯ್ಕೆ ಇಲ್ಲದಿದ್ದರೆ ಕೈಯಿಂದ ಮಾಡಬೇಕು, ಕ್ರಮ ಮುಖ್ಯ. ಮೊದಲು ನಿಮ್ಮ ರೂಟರಿಗೆ ಕಂಪನಿಯ ಪೆಟ್ಟಿಗೆಯ ಸಾಲಿನಲ್ಲೇ (ಮೊದಲ ಮೂರು ಸಂಖ್ಯೆಗಳು ಅವೇ) ಬಳಕೆಯಲ್ಲಿಲ್ಲದ ವಿಳಾಸ ಕೊಡಿ, ಉದಾಹರಣೆಗೆ 192.168.1.2. ಆಮೇಲೆ ಅದರ ಡಿಎಚ್‌ಸಿಪಿ ಆರಿಸಿ. ಕೊನೆಗೆ ಕೇಬಲನ್ನು ವ್ಯಾನ್ ಕಿಂಡಿಯಿಂದ ಕಿತ್ತು ಲ್ಯಾನ್ ಕಿಂಡಿಗೆ ಹಾಕಿ. ವಿಳಾಸ ಬದಲಿಸದೆ ಡಿಎಚ್‌ಸಿಪಿ ಆರಿಸಿದರೆ ಆ ರೂಟರಿನ ಪುಟಕ್ಕೆ ಮರಳಿ ಹೋಗಲು ಹರಸಾಹಸ ಪಡಬೇಕಾಗುತ್ತದೆ.

ಎರಡೂ ಒಂದೇ ಸಾಲಿನಲ್ಲಿದ್ದರೆ ವಿಂಡೋಸ್‌ನಲ್ಲಿ ಆ ವೈಫೈಯ ಗುಣಲಕ್ಷಣ ತೆರೆದು ‘ಪಬ್ಲಿಕ್’ ಬದಲು ‘ಪ್ರೈವೇಟ್’ ಆರಿಸಿ. ಪಬ್ಲಿಕ್ ಎಂದರೆ ಕಂಪ್ಯೂಟರ್ ತನ್ನನ್ನು ಮರೆಮಾಡಿಕೊಳ್ಳುತ್ತದೆ. ನಂತರ ಫೈಲ್ ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಇನ್ನೊಂದರ ಐಪಿ ವಿಳಾಸ ಕೊಡಿ. ಅಂಕಿಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ಸಂಪರ್ಕ ಸರಿಯಿದೆ, ಹೆಸರು ಹುಡುಕುವುದರಲ್ಲಷ್ಟೇ ತೊಡಕು. ಅಂಕಿಯಿಂದಲೇ ಶಾರ್ಟ್‌ಕಟ್ ಮಾಡಿಕೊಂಡು ಕೆಲಸ ಸಾಗಿಸಬಹುದು. ಪಾಸ್‌ವರ್ಡ್ ಕೇಳಿದಾಗ ನಾಲ್ಕಂಕಿಯ ಪಿನ್ ನಡೆಯುವುದಿಲ್ಲ, ಖಾತೆಯ ಪೂರ್ಣ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ಜಾಲದ ಮೂಲಕ ಒಳಗೆ ಬಿಡುವುದಿಲ್ಲ.

ಇಲ್ಲಿ ಪಿಂಗ್ ಅನ್ನು ಪೂರ್ತಿ ನಂಬಬೇಡಿ. ವಿಂಡೋಸ್‌ನ ಫೈರ್‌ವಾಲ್, ಅಂದರೆ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು ತಂತ್ರಾಂಶ, ಬೇರೆ ಯಂತ್ರದಿಂದ ಬರುವ ಪಿಂಗಿಗೆ ಉತ್ತರಿಸದೆ ಇರಬಹುದು. ಫೈರ್‌ವಾಲನ್ನು ಆರಿಸಿ ಪರೀಕ್ಷಿಸಿದರೆ ಐದು ನಿಮಿಷದಲ್ಲಿ ಮತ್ತೆ ಹಚ್ಚಿ. ಹಳೆಯ ನೆಟ್‌ವರ್ಕ್ ಡಿಸ್ಕ್ (ಜಾಲಕ್ಕೆ ನೇರವಾಗಿ ಜೋಡಿಸಿದ ಡಿಸ್ಕ್) ಕಾಣುವುದಿಲ್ಲ ಎಂದು ಎಸ್‌ಎಂಬಿ1 ಎಂಬ ಹಳೆಯ ಫೈಲ್ ಹಂಚಿಕೆಯ ವಿಧಾನವನ್ನು ಸಕ್ರಿಯಗೊಳಿಸಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ತಂತ್ರಾಂಶದ 2017ರ ಹಾವಳಿ ಹಬ್ಬಿದ್ದು ಅದೇ ದಾರಿಯಲ್ಲಿ. ಡಿಸ್ಕಿನ ತಂತ್ರಾಂಶವನ್ನು ನವೀಕರಿಸಿ, ಆಗದಿದ್ದರೆ ಡಿಸ್ಕನ್ನೇ ಬದಲಿಸಿ.

10. ರೀಸೆಟ್, ಮತ್ತು ಕಂಪನಿಗೆ ಕರೆ

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸೆಟ್ ರೂಟರನ್ನು ಕಾರ್ಖಾನೆಯಿಂದ ಹೊರಟ ದಿನಕ್ಕೆ ಒಯ್ಯುತ್ತದೆ. ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಯುತ್ತವೆ. ಪಿಪಿಪಿಒಇ ಎಂದರೆ ಕಂಪನಿ ನಿಮ್ಮನ್ನು ಗುರುತಿಸುವ ಲಾಗಿನ್. ಅದು ಕೈಯಲ್ಲಿಲ್ಲದೆ ಪಿನ್ ಚುಚ್ಚಬೇಡಿ. ಕಂಪನಿಯೇ ಕೊಟ್ಟ ಪೆಟ್ಟಿಗೆಯಾದರೆ ಅವರನ್ನು ಕೇಳದೆ ಚುಚ್ಚಲೇಬೇಡಿ, ಕೆಲವನ್ನು ಅವರೇ ಮತ್ತೆ ಸಿದ್ಧಪಡಿಸಬೇಕಾಗುತ್ತದೆ. ರೂಟರಿನಲ್ಲಿ ಸೆಟ್ಟಿಂಗ್‌ಗಳನ್ನು ಫೈಲಾಗಿ ಉಳಿಸುವ ಆಯ್ಕೆ ಇದ್ದರೆ ಮೊದಲು ಉಳಿಸಿಕೊಳ್ಳಿ. ಫರ್ಮ್‌ವೇರ್, ಅಂದರೆ ರೂಟರಿನ ಒಳತಂತ್ರಾಂಶ, ನವೀಕರಿಸುವುದಾದರೆ ಕೇಬಲ್ ಮೂಲಕವೇ ಮಾಡಿ. ನಡುವೆ ವಿದ್ಯುತ್ ಹೋದರೆ ಪೆಟ್ಟಿಗೆ ಮತ್ತೆ ಏಳದೇ ಹೋಗಬಹುದು.

ದೋಷ ಹೊರಗಿನದು ಎಂದು ಖಚಿತವಾದ ಮೇಲೆ ಕಂಪನಿಗೆ ಕರೆ ಮಾಡಿ. ‘ಇಂಟರ್ನೆಟ್ ಸರಿಯಿಲ್ಲ’ ಎಂದರೆ ಆ ಕಡೆಯವರು ರೂಟರ್ ಆರಿಸಿ ಹಚ್ಚಿ ಎನ್ನುತ್ತಾರೆ, ತಪ್ಪು ಅವರದಲ್ಲ, ಅವರ ಮುಂದಿನ ಹಾಳೆಯಲ್ಲಿ ಮೊದಲು ಬರೆದಿರುವುದೇ ಅದು. ಹೀಗೆ ಹೇಳಿ: ‘ಕಂಪ್ಯೂಟರನ್ನು ಕೇಬಲ್ ಮೂಲಕ ಜೋಡಿಸಿ ನೋಡಿದ್ದೇನೆ. ಗೇಟ್‌ವೇ ಉತ್ತರಿಸುತ್ತಿದೆ, ಅದೇ ಹೊತ್ತಿಗೆ 8.8.8.8 ನಿಂತುಹೋಗುತ್ತಿದೆ. ಇಂಥ ಇಂಥ ಸಮಯಕ್ಕೆ ಹೀಗಾಗಿದೆ. ಮೋಡೆಮ್ಮಿನ ಇಂಥ ದೀಪ ಕೆಂಪಾಗಿತ್ತು.’ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ತಂತ್ರಜ್ಞರು ಮನೆಗೆ ಬಂದು ಹೋಗುವ ಮೊದಲು ಕೇಬಲಿನಲ್ಲೂ ವೈಫೈಯಲ್ಲೂ ಬೇರೆ ಬೇರೆಯಾಗಿ ವೇಗ ಪರೀಕ್ಷಿಸಿ ತೋರಿಸಲು ಹೇಳಿ.